ಟೈಲಿನ ಕೆಳಗಿನ ಕೆಲಸ



ಕಾಲೇಜಿನಲ್ಲಿ ಪಾಠ ಹೇಳತಕ್ಕವನೊಬ್ಬನು ಬಚ್ಚಲುಮನೆಯ ವಿಷಯವಾಗಿ ಮಾತನಾಡಲು ಬಂದಿರುವನೆಂದು ಕೇಳಿ ತಮ್ಮಲ್ಲಿ ಕೆಲವರು ನಕ್ಕಿರಬಹುದು. ಕಾವ್ಯಮೀಮಾಂಸೆಯನ್ನೋ ಇತಿಹಾಸವನ್ನೋ ಬಿಟ್ಟು ತೂಬು ಕೊಳವೆಗಳ ಗೊಡವೆ ಇವನಿಗೇಕೆ ಎಂದು ಕೇಳಿದರೆ ನನ್ನ ಉತ್ತರ ಇಷ್ಟೆ. ನಮ್ಮಂಥ ಸಂಸಾರಸ್ಥರು ಒಂದು ಸೀರೆ ಕೊಳ್ಳಬೇಕಾದರೆ ಹತ್ತು ಅಂಗಡಿ ತಿರುಗುತ್ತೇವೆ. ಹಲವು ತಿಂಗಳ ಉಳಿತಾಯವನ್ನು ನುಂಗತಕ್ಕ ಬಚ್ಚಲುಮನೆಯ ಕೆಲಸವನ್ನು ಮಾತ್ರ ಮೊದಲು ಸಿಕ್ಕಿದ ಮೇಸ್ತ್ರಿಗೆ ಒಪ್ಪಿಸಿಬಿಟ್ಟು, ನಮ್ಮ ವಿವೇಕವನ್ನೆಲ್ಲ ಟೈಲಿನ ಬಣ್ಣವನ್ನು ಆರಿಸುವುದರಲ್ಲಿ ವೆಚ್ಚ ಮಾಡುತ್ತೇವೆ. ಈ ಕೆಲಸ ಜೀವಮಾನದಲ್ಲಿ ಒಂದೆರಡು ಸಲ ಮಾತ್ರ ಬರತಕ್ಕದ್ದು. ಅನುಭವದಿಂದ ಕಲಿಯೋಣವೆಂದರೆ ಅನುಭವ ಬರುವ ವೇಳೆಗೆ ಕೆಲಸವೇ ಮುಗಿದಿರುತ್ತದೆ.

ನಮ್ಮ ಹಿರಿಯರ ಬಚ್ಚಲುಮನೆಯನ್ನು ಸ್ವಲ್ಪ ನೆನೆಸಿಕೊಳ್ಳೋಣ. ಮನೆಯ ಹಿಂಭಾಗದಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ, ಕಾಲಡಿಯಲ್ಲಿ ಕಲ್ಲು ಚಪ್ಪಡಿ, ಗೋಡೆಯ ಬುಡದಲ್ಲಿ ಒಂದು ತೂಬು. ಮಿಂದ ನೀರು ತೂಬಿನಿಂದ ಹೊರಟು ಹಿತ್ತಿಲ ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಸೇರುತ್ತಿತ್ತು. ಚಪ್ಪಡಿಗಳ ಸಂದಿನಿಂದ ಒಂದಿಷ್ಟು ನೀರು ಜಾರಿದರೂ ಅದು ಭೂಮಿಗೆ ಇಳಿಯುತ್ತಿತ್ತೇ ಹೊರತು ಯಾರ ತಲೆಯ ಮೇಲೂ ಬೀಳುತ್ತಿರಲಿಲ್ಲ. ಗೋಡೆಗೆ ಸುಣ್ಣದ ಗಾರೆ. ಎತ್ತು ಎಳೆಯುವ ಕಲ್ಲಿನ ಗಾಲಿಯ ಕೆಳಗೆ ಅರೆದು ಹದಕ್ಕೆ ತಂದ ಆ ಗಾರೆಯಲ್ಲಿ ಅವಸರಪಡುವವನಿಗೆ ಎಡೆಯೇ ಇರಲಿಲ್ಲ. ಹೆಂಚಿನ ಕೈಗಾರಿಕೆಯೇನೋ ನಮಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿಯೇ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಆದರೆ ಆ ಹೆಂಚು ಸೂರಿನ ಮೇಲಿನದು, ಮಳೆಯನ್ನು ಜಾರಿಸಿಬಿಡತಕ್ಕದ್ದು. ಈಗ ಗುಜರಾತಿನ ಮೊರ್ಬಿಯಿಂದ ಲಾರಿಗಳಲ್ಲಿ ಬಂದಿಳಿಯುವ ಹೊಳಪಿನ ಟೈಲು ನಮ್ಮ ಗೋಡೆಗೂ ನೆಲಕ್ಕೂ ಅಂಟಿದೆ. ಬಚ್ಚಲುಮನೆಯೋ ಭೂಮಿಯನ್ನು ಬಿಟ್ಟು ಮೂರನೆಯ ಅಂತಸ್ತಿಗೆ ಏರಿದೆ. ನಾವು ನಿಂತು ಸ್ನಾನ ಮಾಡುವ ನೆಲವೇ ಇನ್ನೊಬ್ಬರ ಅಡಿಗೆಮನೆಯ ಸೂರು.

ಹೀಗಾದುದರಿಂದ ಏನಾಗುತ್ತದೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ, ಮೇಲಿನ ಮನೆಯವರು ಮಗನ ಮದುವೆಗೆಂದು ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಿದರು. ಅಮೃತಶಿಲೆಯಂತೆ ಕಾಣುವ ಬೆಲೆಬಾಳುವ ಟೈಲು, ಬಂದವರೆಲ್ಲ ಹೊಗಳಿದರು. ವರ್ಷ ತಿರುಗುವುದರೊಳಗಾಗಿ ಕೆಳಗಿನ ಮನೆಯ ಸೂರಿನಲ್ಲಿ ಒಂದು ಕಂದು ಮಚ್ಚೆ ಕಾಣಿಸಿತು. ಬಣ್ಣ ಬಳಿಸಿದರು; ಮತ್ತೆ ಕಾಣಿಸಿತು. ಕ್ರಮೇಣ ಗಿಲಾವು ಉಬ್ಬಿ ಉದುರಿ, ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಹೊರಗೆ ಇಣುಕಿತು. ಕೆಳಗಿನ ಮನೆಯಲ್ಲಿದ್ದವರು ನಿವೃತ್ತರಾದ ವೃದ್ಧ ದಂಪತಿಗಳು. ಹಬ್ಬದಲ್ಲಿ ಎಳ್ಳು ಬೆಲ್ಲ ಬೀರಿಕೊಳ್ಳುತ್ತಿದ್ದ ಎರಡು ಮನೆಗಳ ನಡುವೆ ವಕೀಲರ ನೋಟೀಸು ಓಡಾಡುವಂತಾಯಿತು. ಕೊನೆಗೆ ಒಡೆದು ನೋಡಿದಾಗ ಒಂದೇ ಒಂದು ಟೈಲೂ ಸೀಳಿರಲಿಲ್ಲ. ಅದರ ಕೆಳಗೆ ನೀರು ತಡೆಯುವ ಲೇಪವೇ ಇರಲಿಲ್ಲ. ಕೊಳವೆ ನೆಲವನ್ನು ಭೇದಿಸಿ ಹೋಗುವ ಕಡೆ ಸುತ್ತಲಿನ ಸಂದನ್ನು ಇಟ್ಟಿಗೆಯ ಚೂರು ತುರುಕಿ ಮುಚ್ಚಿದ್ದರು.

ನಾವು ತಿಳಿಯಬೇಕಾದ ಮೊದಲ ಸಂಗತಿ ಇದೇ. ಟೈಲು ಹಾಸಿದ ಮಾತ್ರಕ್ಕೆ ನೀರು ನಿಲ್ಲುವುದಿಲ್ಲ. ವಿಟ್ರಿಫೈಡ್ ಎಂದು ಕರೆಯುವ ಟೈಲು ತನ್ನ ತೂಕದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ನೀರನ್ನೂ ಹೀರುವುದಿಲ್ಲವೆಂಬುದು ನಿಜ. ಆದರೆ ಎರಡು ಟೈಲುಗಳ ನಡುವಿನ ಸಂದಿನಲ್ಲಿ ತುಂಬುವ ಸಾಧಾರಣ ಸಿಮೆಂಟಿನ ಗ್ರೌಟು ಸೂಕ್ಷ್ಮರಂಧ್ರಗಳಿಂದ ಕೂಡಿದ್ದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಕೇಶಾಕರ್ಷಣದಿಂದ ನೀರು ಅದರಲ್ಲಿ ಹರಿದಾಡುತ್ತದೆ. ಎಪಾಕ್ಸಿಯ ಗ್ರೌಟು ಇದಕ್ಕಿಂತ ಎಷ್ಟೋ ಮೇಲು. ಆದರೂ ಗೋಡೆ ನೆಲ ಕೂಡುವ ಮೂಲೆಯಲ್ಲಿ, ಕಟ್ಟಡದ ಸಣ್ಣ ಅಲುಗಾಟಕ್ಕೆ ಅದೂ ಬಿರುಕು ಬಿಡಬಹುದು. ಆದುದರಿಂದ ನೀರು ಟೈಲನ್ನು ದಾಟಿ ಒಳಗೆ ಹೋಗಿಯೇ ಹೋಗುವುದೆಂದು ಭಾವಿಸಿ ಕೆಳಗಿನದನ್ನು ಸಿದ್ಧಮಾಡತಕ್ಕದ್ದು. ಆ ಸಿದ್ಧತೆಯನ್ನು ಮಾಡಬಲ್ಲ, ಮಾಡುವ ಮನಸ್ಸುಳ್ಳ ಮೇಸ್ತ್ರಿಯನ್ನು ಹುಡುಕುವುದೇ ಯಜಮಾನನ ಮುಖ್ಯ ಕೆಲಸ.

ಮೇಸ್ತ್ರಿಯನ್ನು ಗೊತ್ತುಮಾಡುವಾಗ ಜನರು ಸಾಮಾನ್ಯವಾಗಿ ಅವನು ಹೋದ ತಿಂಗಳು ಮುಗಿಸಿದ ಕೆಲಸವನ್ನು ನೋಡಿಬರುತ್ತಾರೆ, ಇಲ್ಲವೆ ಅವನ ಕೈಯ ಫೋನಿನಲ್ಲಿರುವ ಚಿತ್ರಗಳನ್ನು ನೋಡಿ ತಲೆದೂಗುತ್ತಾರೆ. ಹೊಸ ಕೆಲಸ ಯಾರದಾದರೂ ಚೆನ್ನಾಗಿಯೇ ಕಾಣುತ್ತದೆ. ಮೂರು ನಾಲ್ಕು ವರ್ಷ ನೀರುಂಡ ಬಚ್ಚಲುಮನೆಯೊಂದನ್ನು ತೋರಿಸೆನ್ನಿ. ಅಲ್ಲಿ ಹೋದಾಗ ಒಂದು ತಂಬಿಗೆ ನೀರನ್ನು ತೂಬಿಗೆ ದೂರವಾದ ಮೂಲೆಯಲ್ಲಿ ಸುರಿದು ನೋಡಿ. ನೀರು ಎಲ್ಲಿಯೂ ನಿಲ್ಲದೆ ತಾನಾಗಿ ತೂಬನ್ನು ಸೇರಬೇಕು. ಕೊಳವೆಗಳು ಗೋಡೆಯಿಂದ ಹೊರಬರುವ ಕಡೆ ಟೈಲನ್ನು ಎಷ್ಟು ನೇರ್ಪಾಗಿ ಕೊರೆದಿದ್ದಾನೆ, ನಲ್ಲಿಯ ತಟ್ಟೆಯ ಕೆಳಗೆ ಒಡಕನ್ನು ಅಡಗಿಸಿದ್ದಾನೆಯೆ ಎಂಬುದನ್ನು ಗಮನಿಸಿ. ಸಾಧ್ಯವಾದರೆ ಆ ಮನೆಯವರಿಗಿಂತ ಕೆಳಗಿನ ಮನೆಯವರನ್ನು ಮಾತನಾಡಿಸಿ. ಅವರ ಸೂರು ಕೊಡುವ ಯೋಗ್ಯತಾಪತ್ರವೇ ಬೇರೆ.

ಮಾತುಕತೆಯ ಕಾಲದಲ್ಲಿ, ಗೋಡೆಯನ್ನೂ ನೆಲವನ್ನೂ ನೋಡದೆಯೇ ದರ ಹೇಳುವವನು ನನಗೆ ರುಚಿಸುವುದಿಲ್ಲ. ಬಂದವನು ರಸಮಟ್ಟವನ್ನು ಗೋಡೆಗೆ ಹಿಡಿದು, ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ತೂಬು ಎಲ್ಲಿದೆ, ಬಾಗಿಲ ಹೊಸ್ತಿಲು ಎಷ್ಟು ಎತ್ತರ ಎಂದು ವಿಚಾರಿಸಿದರೆ, ಇವನಿಗೆ ಕಸಬು ಗೊತ್ತು ಎಂದು ನಂಬಬಹುದು. “ಹಳೆಯ ಟೈಲನ್ನು ಒಡೆಯುವುದು ಬೇಡ ಸ್ವಾಮಿ, ಅದರ ಮೇಲೆಯೇ ಹೊಸದನ್ನು ಅಂಟಿಸಿಬಿಡುತ್ತೇನೆ” ಎನ್ನುವವರೂ ಉಂಟು. ಗಟ್ಟಿಯಾಗಿರುವ ಒಣಗೋಡೆಗೆ ಇದು ಸಲ್ಲಬಹುದು. ಸೋರುತ್ತಿರುವ ಬಚ್ಚಲಿನ ನೆಲಕ್ಕೆ ಮಾತ್ರ ಸರ್ವಥಾ ಕೂಡದು. ರೋಗ ಒಳಗೇ ಉಳಿಯುತ್ತದೆ. ಮೇಲಾಗಿ ನೆಲ ಎತ್ತರವಾಗಿ ಬಾಗಿಲು ತಗಲುತ್ತದೆ, ತೂಬು ಹಳ್ಳಕ್ಕೆ ಬೀಳುತ್ತದೆ.

ಇನ್ನು ಕೂಲಿಯ ವಿಷಯ. ಇಲ್ಲಿ ನನಗೆ ಒಂದು ದೃಢವಾದ ಅಭಿಪ್ರಾಯವುಂಟು. ನಾವು ಚದರಡಿಗೆ ಇಷ್ಟೆಂದು ಗುತ್ತಿಗೆ ಮಾತಾಡುತ್ತೇವೆ. ಯಾರು ನಾಲ್ಕು ರೂಪಾಯಿ ಕಡಿಮೆ ಹೇಳುತ್ತಾರೋ ಅವರಿಗೆ ವೀಳ್ಯ ಕೊಡುತ್ತೇವೆ. ಇಪ್ಪತ್ತು ವರ್ಷ ಕರಣೆ ಹಿಡಿದ ಮೇಸ್ತ್ರಿಯೊಬ್ಬನು ನನಗೆ ಹೇಳಿದ ಮಾತನ್ನು ಅವನ ನುಡಿಯಲ್ಲಿಯೇ ಹೇಳುತ್ತೇನೆ: “ಸಾರ್, ಚದರಡಿ ಲೆಕ್ಕ ಮಾತಾಡ್ತೀರಿ. ಗೋಡೆ ಸೊಟ್ಟ ಇದ್ರೆ ಅದನ್ನ ನೆಟ್ಟಗೆ ಮಾಡೋಕೆ ನಂಗೆ ಎರಡು ದಿನ ಬೇಕು. ಆ ಎರಡು ದಿನದಲ್ಲಿ ಒಂದು ಚದರಡೀನೂ ಮುಗಿಯೋಲ್ಲ. ಕೂಲಿ ಯಾರು ಕೊಡ್ತಾರೆ? ಅದಕ್ಕೇ ಹಿಂದೆ ಗಾರೆ ತುಂಬಿ ಮುಚ್ಚಿಬಿಡ್ತೀವಿ.” ಇದರಲ್ಲಿ ಮೋಸವೆಷ್ಟು, ನಾವೇ ಮಾಡಿಸಿದ ಮೋಸವೆಷ್ಟು ಎಂಬುದನ್ನು ತಾವೇ ಯೋಚಿಸಿ. ಕಣ್ಣಿಗೆ ಕಾಣುವ ಕೆಲಸಕ್ಕೆ ಮಾತ್ರ ಹಣ ಕೊಡುವ ಕರಾರಿನಲ್ಲಿ, ಕಾಣದ ಕೆಲಸವನ್ನು ಮಾಡುವವನು ತನ್ನ ಕೈಯಿಂದ ನಷ್ಟ ತುಂಬಿಕೊಳ್ಳಬೇಕಾಗುತ್ತದೆ. ಪ್ರಾಮಾಣಿಕನಾದ ಮೇಸ್ತ್ರಿಯೇ ಈ ಪೈಪೋಟಿಯಲ್ಲಿ ಸೋಲುತ್ತಾನೆ.

ಆದುದರಿಂದ ಕರಾರನ್ನು ಒಡೆದು ಬರೆಯಬೇಕೆಂಬುದು ನನ್ನ ಸಲಹೆ. ಒಡೆಯುವುದು, ಗಿಲಾವು ಸರಿಪಡಿಸುವುದು, ನೆಲಕ್ಕೆ ವಾಟ ಕೊಡುವುದು ಇವು ದಿನಗೂಲಿಯಲ್ಲಿ ಇರಲಿ. ನೀರು ತಡೆಯುವ ಲೇಪಕ್ಕೆ ಬೇರೆ ಮೊಬಲಗು; ಪರೀಕ್ಷೆಯಾದ ಮೇಲೆ ಸಲ್ಲತಕ್ಕದ್ದು. ಟೈಲು ಕೂರಿಸುವುದಕ್ಕೆ ಮಾತ್ರ ಚದರಡಿಯ ಲೆಕ್ಕ. ಸಾಮಾನು ತರುವವರು ಯಾರು, ಒಡೆದ ಕಸವನ್ನು ಸಾಗಿಸುವವರು ಯಾರು ಎಂಬ ಕ್ಷುಲ್ಲಕವಾಗಿ ಕಾಣುವ ಸಂಗತಿಗಳನ್ನೂ ಒಂದು ಕಾಗದದಲ್ಲಿ ಬರೆದಿಡಿ. ಜಗಳಗಳೆಲ್ಲ ಹುಟ್ಟುವುದು ಅಲ್ಲಿಯೇ. ಮುಂಗಡವಾಗಿ ಅಲ್ಪಸ್ವಲ್ಪ ಕೊಟ್ಟು, ಹಂತಹಂತವಾಗಿ ಹಣ ಸಂದಾಯ ಮಾಡಿ, ಹತ್ತರಲ್ಲಿ ಒಂದು ಪಾಲನ್ನು ಬಚ್ಚಲು ಎರಡು ವಾರ ಬಳಕೆಯಾಗುವವರೆಗೆ ಉಳಿಸಿಕೊಳ್ಳುವುದು ಇಬ್ಬರಿಗೂ ನ್ಯಾಯ. ಆದರೆ ಉಳಿಸಿಕೊಂಡುದನ್ನು ಹೇಳಿದ ದಿನ ಕೊಡಬೇಕು. ಕೂಲಿಯವನನ್ನು ನಾಲ್ಕು ಸಲ ಅಲೆಸುವ ವಿದ್ಯಾವಂತರನ್ನು ನಾನು ಬಲ್ಲೆ.

ಈಗ ಮೇಲ್ಮೈಯ ಸಿದ್ಧತೆಗೆ ಬರೋಣ. ಹಳೆಯ ಟೈಲು ತೆಗೆದ ಮೇಲೆ ಗೋಡೆಯನ್ನು ಮೂಲೆಯಿಂದ ಮೂಲೆಗೆ ತಟ್ಟಬೇಕು. ಡಬ್ಬದಂತೆ ಟೊಳ್ಳಾಗಿ ಸದ್ದಾಗುವ ಕಡೆಯೆಲ್ಲ ಗಿಲಾವು ಗೋಡೆಯನ್ನು ಬಿಟ್ಟಿದೆಯೆಂದು ತಿಳಿದು ಅದನ್ನು ಕೆಡಹಬೇಕು. ಬಣ್ಣ, ಸುಣ್ಣ, ಎಣ್ಣೆಯ ಜಿಡ್ಡು, ಬೆಳ್ಳಗೆ ಹೂತ ಉಪ್ಪು ಯಾವುದೂ ಉಳಿಯಕೂಡದು; ಟೈಲು ಬಣ್ಣಕ್ಕೆ ಅಂಟಿದರೆ, ಬಣ್ಣ ಬಿಟ್ಟ ದಿನ ಟೈಲೂ ಬಿಡುತ್ತದೆ. ಹೊಸ ಗಿಲಾವನ್ನು ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನಂತೆ ಕಲಸಿ ಹಾಕಿಸಿ. ಅದನ್ನು ಕನ್ನಡಿಯಂತೆ ನುಣುಪು ಮಾಡುವುದು ಕೆಲವು ಗಾರೆಯವರ ಅಭಿಮಾನದ ವಿಷಯ. ಬಚ್ಚಲಿನಲ್ಲಿ ಆ ಅಭಿಮಾನ ಬೇಡ, ಮೈ ಒರಟಾಗಿದ್ದರೇ ಹಿಡಿತ. ಏಳು ದಿನವಾದರೂ ನೀರುಣಿಸಿ ಆಮೇಲೆ ಒಣಗಲು ಬಿಡಬೇಕು. ಸಿಮೆಂಟು ಗಟ್ಟಿಯಾಗುವಾಗ ಕುಗ್ಗುತ್ತದೆ. ಕುಗ್ಗುತ್ತಿರುವ ಗೋಡೆಗೆ ಟೈಲು ಹಚ್ಚಿದರೆ ನಡುವಿನ ಬಂಧ ಹರಿಯುತ್ತದೆ. ನೆಲದ ತೇವ ಆರಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭೋಪಾಯವಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ನಾಲ್ಕು ಅಂಚುಗಳಿಗೂ ಅಂಟುಪಟ್ಟಿ ಹಚ್ಚಿ, ೧೬ ಗಂಟೆ ಬಿಟ್ಟು ತೆಗೆದು ನೋಡಿ. ಹಾಳೆಯ ಒಳಮೈ ಬೆವರಿದ್ದರೆ ಇನ್ನೂ ಕಾಯಬೇಕು.

ಗೋಡೆ ನೆಟ್ಟಗಿದೆಯೆ ಎಂಬುದನ್ನು ತೂಗುಗುಂಡಿನಿಂದಲೂ, ಸಮವಾಗಿದೆಯೆ ಎಂಬುದನ್ನು ಎರಡು ಮೀಟರಿನ ಮಟ್ಟಗೋಲಿನಿಂದಲೂ ನೋಡತಕ್ಕದ್ದು. ಕೋಲಿನ ಕೆಳಗೆ ೩ ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ ಅದನ್ನು ಈಗಲೇ ತುಂಬಿಸಿ, ಟೈಲು ಹಚ್ಚುವಾಗ ಅಂಟಿನಿಂದ ತುಂಬುವ ಮಾತು ಬೇಡ. ಮೂಲೆಗಳು ಲಂಬಕೋನವಾಗಿವೆಯೆ ಎಂದು ತಿಳಿಯಲು ಮೇಸ್ತ್ರಿಗಳು ಒಂದು ಗೋಡೆಯಲ್ಲಿ ಮೂರು ಅಡಿ, ಇನ್ನೊಂದರಲ್ಲಿ ನಾಲ್ಕು ಅಡಿ ಗುರುತುಮಾಡಿ, ನಡುವಿನ ದೂರ ಐದು ಅಡಿಯಾಯಿತೇ ಎಂದು ಅಳೆಯುತ್ತಾರೆ. ಯಜ್ಞವೇದಿಕೆಯನ್ನು ಅಳೆಯಲು ಹೊರಟ ಬೌಧಾಯನನ ಶುಲ್ಬಸೂತ್ರದಲ್ಲಿ ಇದೇ ಮೂರು ನಾಲ್ಕರ ಲೆಕ್ಕವಿದೆ. ಶಾಲೆಯ ಮೆಟ್ಟಿಲು ಹತ್ತದ ಕೈಯೊಂದು ನೂಲೆಳೆದು ಅದನ್ನು ಪ್ರಯೋಗಿಸುವುದನ್ನು ನಿಂತು ನೋಡುವುದು ನಮ್ಮಂಥ ಅಧ್ಯಾಪಕರಿಗೆ ಒಳ್ಳೆಯದು.

ಗೋಡೆಯೊಳಗಿನ ನೀರಿನ ಕೊಳವೆಗಳನ್ನು ಮುಚ್ಚುವ ಮೊದಲು, ತಣ್ಣೀರು ಬಿಸಿನೀರಿನ ಎರಡು ಸಾಲುಗಳನ್ನೂ ತಾತ್ಕಾಲಿಕವಾಗಿ ಕೂಡಿಸಿ, ಕೈಪಂಪಿನಿಂದ ಒತ್ತಡ ಕೊಟ್ಟು, ಒತ್ತಡಮಾಪಕದ ಮುಳ್ಳು ಇಳಿಯುವುದೋ ಎಂದು ನೋಡಬೇಕು. ಈ ಪರೀಕ್ಷೆಗೆ ಅರ್ಧ ದಿನ ಸಾಕು. ಇದನ್ನು ಬಿಟ್ಟವರು ಆಮೇಲೆ ಹೊಸ ಟೈಲನ್ನೇ ಒಡೆಯಬೇಕಾಗುತ್ತದೆ.

ನೆಲವೇ ಮುಖ್ಯ. ಬಚ್ಚಲಿಗೆಂದು ತಗ್ಗಿಸಿ ಹಾಕಿದ ಕಾಂಕ್ರೀಟಿನ ಸ್ಲ್ಯಾಬಿಗೆ ಮೊದಲು ಒಂದು ಲೇಪ. ಅದರ ಮೇಲೆ ಕೊಳವೆ ಹಾಸಿ, ತಗ್ಗನ್ನು ತುಂಬಿ, ವಾಟವಿರುವ ಗಾರೆಯ ಹಾಸನ್ನು ಎಳೆದು, ಪುನಃ ಲೇಪ. ಎರಡೂ ಬೇಕು. ಕೊಳವೆ ನೆಲವನ್ನು ದಾಟುವ ಕಡೆ, ಒಣಗಿದಾಗ ಕುಗ್ಗದ ಗಾರೆಯನ್ನು ತುಂಬಿ, ಗೋಡೆ ನೆಲ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಗೆ ಮಾಡಿ, ಅಲ್ಲಿ ಲೇಪದೊಡನೆ ಜಾಲರಿಯ ಬಟ್ಟೆಯನ್ನು ಸೇರಿಸತಕ್ಕದ್ದು. ಲೇಪವನ್ನು ಎರಡು ಸಲ ಬಳಿಯಬೇಕು. ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಅದು ಗೋಡೆಯನ್ನೂ ಒಂದು ಅಡಿ ಹತ್ತಿರಬೇಕು. ತುಂತುರು ನೀರು ಬೀಳುವ ಗೋಡೆಯಲ್ಲಿ ಆರು ಅಡಿ. ವಾಟದ ಪ್ರಮಾಣ ಎಂಬತ್ತಕ್ಕೆ ಒಂದು. ಎಂದರೆ ಎಂಟು ಅಡಿ ಉದ್ದದ ಬಚ್ಚಲಿನಲ್ಲಿ ತೂಬಿನ ಕಡೆ ಒಂದೂಕಾಲು ಅಂಗುಲಕ್ಕೆ ಸ್ವಲ್ಪ ಕಡಿಮೆ ತಗ್ಗು. ಈ ತಗ್ಗು ಗಾರೆಯ ಹಾಸಿನಲ್ಲಿಯೇ ಇರತಕ್ಕದ್ದು. ಟೈಲನ್ನು ಅತ್ತಿತ್ತ ಓರೆಮಾಡಿ ಹುಟ್ಟಿಸತಕ್ಕದ್ದಲ್ಲ.

ಲೇಪ ಒಣಗಿದ ಮೇಲೆ ತೂಬಿಗೆ ಬಿರಡೆ ಹಾಕಿ, ಹೊಸ್ತಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಅಂಗುಲ ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟವನ್ನು ಸೀಸದ ಕಡ್ಡಿಯಿಂದ ಗೆರೆ ಎಳೆಯಿರಿ. ೨೪ ಗಂಟೆಯಾದರೂ, ಕೆಳಗೆ ಬೇರೆಯವರ ಮನೆಯಿದ್ದರೆ ೪೮ ಗಂಟೆ, ಹಾಗೆಯೇ ಇರಲಿ. ಆವಿಯಾಗಿ ಕೂದಲೆಳೆಯಷ್ಟು ಇಳಿಯಬಹುದು. ಅದಕ್ಕಿಂತ ಹೆಚ್ಚು ಇಳಿದರೆ ಕೆಲಸ ನಿಲ್ಲಿಸಿ ಕಾರಣ ಹುಡುಕತಕ್ಕದ್ದು. ಮರುದಿನ ಕೆಳಗಿನ ಮನೆಯವರ ಬಾಗಿಲು ತಟ್ಟಿ ಅವರ ಸೂರನ್ನು ನೋಡಿಬರಲು ಸಂಕೋಚಪಡಬೇಡಿ. ನಾನು ಹೇಳಿದ ಸಮುಚ್ಚಯದಲ್ಲಿ ಎರಡನೆಯ ಸಲ ಕೆಲಸವಾದಾಗ ಆ ಮುದುಕರೇ ಮೇಲೆ ಬಂದು, ಮೊಣಕಾಲಿನ ನೋವನ್ನು ಲೆಕ್ಕಿಸದೆ, ನೀರಿನ ಗೆರೆಯನ್ನು ದಿನಕ್ಕೆ ಮೂರು ಸಲ ನೋಡಿಹೋದರು. ಮೂರನೆಯ ದಿನ ಕಾಫಿಯ ಫ್ಲಾಸ್ಕನ್ನೂ ತಂದರು.

ಟೈಲು ಕೂರಿಸುವ ವಿಷಯವನ್ನು ಬೇಗ ಮುಗಿಸುತ್ತೇನೆ. ಏಕೆಂದರೆ ಇಷ್ಟಾದ ಮೇಲೆ ಉಳಿಯುವ ಕಷ್ಟ ಅಲ್ಪವೇ. ಗೋಡೆಗೆ ಹಾಕುವ ಸಾಧಾರಣ ಟೈಲು ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನೀರು ಕುಡಿಯತಕ್ಕದ್ದು; ಅದನ್ನು ಸಿಮೆಂಟು ಗಾರೆಯಲ್ಲಿ ಕೂರಿಸುವುದಾದರೆ ಮೊದಲು ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಹೀರಿಬಿಡುತ್ತದೆ. ನೀರನ್ನೇ ಹೀರದ ವಿಟ್ರಿಫೈಡ್ ಟೈಲಿಗೆ ಬರಿಯ ಸಿಮೆಂಟು ಹಿಡಿಯುವುದಿಲ್ಲ. ಅದಕ್ಕೆ ಪಾಲಿಮರ್ ಬೆರೆತ ಅಂಟೇ ಬೇಕು. ಭಾರತೀಯ ಮಾನಕ ಸಂಸ್ಥೆಯವರು ಇಂಥ ಅಂಟುಗಳಿಗೆ ಗೊತ್ತುಮಾಡಿರುವ ೧೫೪೭೭ ಎಂಬ ಸಂಖ್ಯೆ ಚೀಲದ ಮೇಲೆ ಇದೆಯೆ ಎಂದು ನೋಡಿ. ಟೈಲಿನ ಬೆನ್ನಿಗೆ ನಾಲ್ಕು ಮೂಲೆ ಒಂದು ನಡು ಎಂದು ಐದು ಮುದ್ದೆ ಒತ್ತಿ ಗೋಡೆಗೆ ಹಚ್ಚುವ ಪದ್ಧತಿಯನ್ನು ಕಂಡರೆ ಕೂಡಲೆ ತಡೆಯಿರಿ. ಹಲ್ಲಿನ ಕರಣೆಯಿಂದ ಅಂಟನ್ನು ಗೋಡೆಯ ತುಂಬ ಎಳೆದು ಹಚ್ಚಬೇಕು. ನಿತ್ಯ ನೆನೆಯುವ ಕಡೆ ಟೈಲಿನ ಬೆನ್ನು ನೂರಕ್ಕೆ ೯೫ ಪಾಲು ಅಂಟಿನಿಂದ ಮುಚ್ಚಿರಬೇಕೆಂದು ಅಮೆರಿಕದ ಮಾನಕ ಹೇಳುತ್ತದೆ. ಆಗಾಗ ಹಸಿಯಾಗಿರುವಾಗಲೇ ಒಂದು ಟೈಲನ್ನು ಕಿತ್ತು ಬೆನ್ನು ನೋಡಬಹುದು. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರಿಸುವುದಿಲ್ಲ.

ನೆಲದ ಟೈಲು ಹೊಳೆಯಕೂಡದು. ಮನೆಯಲ್ಲಿ ವಯಸ್ಸಾದವರಿದ್ದರೆ ಬಣ್ಣಕ್ಕಿಂತ ಮೊದಲು ಅದು ಜಾರುವುದೋ ಇಲ್ಲವೋ ಎಂದು ಕೇಳಿ. ಅಂಗಡಿಯವರು ಹೇಳುವ ಆರ್ ಹತ್ತು, ಆರ್ ಹನ್ನೊಂದು ಎಂಬ ದರ್ಜೆಗಳು ಜರ್ಮನಿಯಲ್ಲಿ ಪಾದರಕ್ಷೆ ತೊಟ್ಟವರನ್ನು ಇಳಿಜಾರಿನ ಮೇಲೆ ನಡೆಸಿ ಗೊತ್ತುಮಾಡಿದವು. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆಗಳೇ ಇವೆ. ಬಚ್ಚಲಿಗೆ ಚಪ್ಪಲಿ ಹಾಕಿಕೊಂಡು ಹೋಗದ ನಮ್ಮ ದೇಶದಲ್ಲಿ ಎರಡನೆಯದನ್ನೇ ವಿಚಾರಿಸುವುದು ಲೇಸು.

ಇನ್ನೊಂದು ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಾಗದು. ಟೈಲನ್ನು ಒಣಗಿದ್ದಂತೆಯೇ ಯಂತ್ರದಿಂದ ಕೊಯ್ಯುವಾಗ ಎದ್ದು ಮನೆಯನ್ನೆಲ್ಲ ಕವಿಯುವ ಬಿಳಿಯ ಧೂಳಿನಲ್ಲಿ ಸಿಲಿಕದ ಸೂಕ್ಷ್ಮಕಣಗಳಿವೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವನ ಶ್ವಾಸಕೋಶ ಕಲ್ಲಾಗುತ್ತ ಬರುತ್ತದೆ; ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಪರಿಹಾರವಿಲ್ಲ. ಕೊಯ್ಯುವ ಅಲಗಿಗೆ ನೀರು ಹನಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆದರೆ ನೀರು ಹನಿಸಿ ಕೊಯ್ದರೆ ನೆಲ ರಾಡಿಯಾಗುವುದೆಂದು ಮನೆಯವರೇ ಬೇಡವೆನ್ನುವುದನ್ನು ನಾನು ಕೇಳಿದ್ದೇನೆ. ಕರಾರಿನ ಕಾಗದದಲ್ಲಿ ಇದಕ್ಕೂ ಒಂದು ಸಾಲು ಇರಲಿ: ನೀರು ಹನಿಸಿಯೇ ಕೊಯ್ಯತಕ್ಕದ್ದು, ಒಳ್ಳೆಯ ಮುಖಗವಸಿನ ವೆಚ್ಚ ಯಜಮಾನನದು.

ಟೈಲಿನ ಲೆಕ್ಕ ಹಾಕುವುದು ಸುಲಭ. ಎಂಟು ಅಡಿಗೆ ಐದು ಅಡಿಯ ಬಚ್ಚಲಿಗೆ ಏಳು ಅಡಿ ಎತ್ತರದವರೆಗೆ ಹಾಕುವುದಾದರೆ ಗೋಡೆ ೧೮೨ ಚದರಡಿ. ಎರಡೂವರೆ ಅಡಿಯ ಬಾಗಿಲನ್ನು ಕಳೆದರೆ ಸುಮಾರು ೧೬೫. ನೆಲದ ೪೦ ಸೇರಿ ೨೦೫. ಕೊಯ್ದು ಹಾಳಾಗುವುದಕ್ಕೆಂದು ಹತ್ತರಲ್ಲಿ ಒಂದು ಪಾಲು ಹೆಚ್ಚಿಗೆ ತರಿಸಿ. ಪೆಟ್ಟಿಗೆಗಳ ಮೇಲಿನ ಬಣ್ಣದ ಸಂಖ್ಯೆ ಎಲ್ಲದರಲ್ಲಿಯೂ ಒಂದೇ ಇರಬೇಕು. ಒಂದೇ ಹೆಸರಿನ ಟೈಲು ಬೇರೆ ಬೇರೆ ಆವುಗೆಯಲ್ಲಿ ಬೆಂದರೆ ಬಣ್ಣ ಸ್ವಲ್ಪ ಬೇರೆಯಾಗುತ್ತದೆ. ಗೋಡೆಯನ್ನು ಮುಚ್ಚುವ ಮೊದಲು ಕೊಳವೆಗಳು ಎಲ್ಲೆಲ್ಲಿ ಹಾದುಹೋಗಿವೆಯೆಂಬುದಕ್ಕೆ, ಪಕ್ಕದಲ್ಲಿ ಅಳತೆಪಟ್ಟಿಯನ್ನು ಹಿಡಿಸಿ, ಭಾವಚಿತ್ರ ತೆಗೆದಿಡಿ. ಮುಂದೆ ಎಂದೋ ಒಂದು ದಿನ ಟವೆಲಿನ ಗೂಟಕ್ಕಾಗಿ ಗೋಡೆಗೆ ತೂತು ಕೊರೆಯುವವನಿಗೆ ಅದು ಬೇಕಾಗುತ್ತದೆ. ಉಳಿದ ಟೈಲಿನ ಪೆಟ್ಟಿಗೆಯನ್ನು, ಸಂಖ್ಯೆ ಕಾಣುವಂತೆ, ಅಟ್ಟದ ಮೇಲೆ ಇರಿಸಿ.